ಅಮೆರಿಕದಲ್ಲಿ ಸಿಕ್ಕ ಎರಡು ಮಿಲಿಮೀಟರ್ ಮೂತಿ ಹುಳು ಹೊಸ ಪ್ರಭೇದವೇ? ಹೆಸರಿಡುವುದು ಹೇಗೆ?

ಓಹಿಯೋದಲ್ಲಿ ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ಬಲೆ ಬೀಸಿದಾಗ ಸಿಕ್ಕ ಮೂತಿ ಹುಳು (ಮುಂದೆ ಚಾಚಿದ ಮೂತಿಯ ಪುಟ್ಟ ಜೀರುಂಡೆ) ಯಾವ ಚಿತ್ರಕ್ಕೂ ಹೋಲುತ್ತಿಲ್ಲ ಎಂದಿದ್ದೀರಿ. ನನಗೂ ಹಾಗೆಯೇ ಅನಿಸಿತ್ತು. ಇಲಿನಾಯ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಅಂಥದ್ದೇ ಒಂದು ಹುಳುವಿಗೆ ಹೆಸರನ್ನೂ ಆರಿಸಿ, ಹಸ್ತಪ್ರತಿಯನ್ನೂ ಬರೆದು ಮುಗಿಸಿದ್ದೆ.

ಕಾಡು ಸೂರ್ಯಕಾಂತಿ ಮತ್ತು ಹಳದಿ ಹೂವಿನ ಕಾಡುಗಿಡ ಗೋಲ್ಡನ್‌ರಾಡ್ ಒತ್ತಾಗಿ ಬೆಳೆದಿದ್ದ ರಸ್ತೆಬದಿಯಲ್ಲಿ ಸಿಕ್ಕ ಹುಳು ಅದು. ಸ್ಮಿಕ್ರೋನಿಕ್ಸ್ ಎಂಬ ಮೂತಿ ಹುಳುಗಳ ಕುಲದ್ದು ಎಂಬುದರಲ್ಲಿ ಸಂದೇಹವಿರಲಿಲ್ಲ. ಮಾದರಿಯ ಜೊತೆಗಿಡುವ ಚೀಟಿಯ ಮೇಲೆ ‘ಕಾಡು ಸೂರ್ಯಕಾಂತಿಯ ಮೇಲೆ’ ಎಂದು ಬರೆದೆ. ನನ್ನನ್ನು ಮುಳುಗಿಸಿದ್ದು ಆ ಒಂದು ಸಾಲು.

ಈ ಕುಲದ ಕೆಲವು ಪ್ರಭೇದಗಳು ಸೂರ್ಯಕಾಂತಿಯ ಬೀಜ ತಿಂದು ಬೆಳೆಯುತ್ತವೆ. 1876ರಲ್ಲಿ ಅಮೆರಿಕದ ಕೀಟತಜ್ಞ ಲೆಕಾಂಟ್ ವರ್ಣಿಸಿದ ಕೆಂಗಂದು ಬಣ್ಣದ ಫುಲ್ವಸ್ ಮತ್ತು ಬೂದು ಬಣ್ಣದ ಸಾರ್ಡಿಡಸ್ ಅಂಥವು. ಚೀಟಿಯಲ್ಲಿ ಸೂರ್ಯಕಾಂತಿ ಇದ್ದುದರಿಂದ ನಾನು ಹೋಲಿಸಿದ್ದು ಆ ಗುಂಪಿನ ಜೊತೆಗೆ ಮಾತ್ರ. ನನ್ನ ಹುಳುವಿನ ಎದೆಯ ಮೇಲ್ಭಾಗದಲ್ಲಿ ಕುಳಿಗಳು ಒತ್ತೊತ್ತಾಗಿದ್ದವು, ಮೈ ಮುಚ್ಚುವ ಸಣ್ಣ ಹುರುಪೆ ವಿರಳವಾಗಿತ್ತು. ಯಾವುದಕ್ಕೂ ಹೊಂದಲಿಲ್ಲ, ಆದ್ದರಿಂದ ಹೊಸದು ಎಂದುಕೊಂಡೆ. ಬಲೆಗೆ ಬಿದ್ದ ಹುಳು ಆ ಗಿಡದ್ದೇ ಆಗಿರಬೇಕೆಂದಿಲ್ಲ ಎಂಬ ಯೋಚನೆಯೇ ಬರಲಿಲ್ಲ. ಬಲೆಗೆ ಗಿಡದ ಮೇಲೆ ಕುಳಿತದ್ದು, ಹಾರಿ ಬಂದದ್ದು, ಪಕ್ಕದ ಬಳ್ಳಿಯಿಂದ ಉದುರಿದ್ದು ಎಲ್ಲವೂ ಬೀಳುತ್ತದೆ.

ಮಾದರಿಯನ್ನು ನೋಡಿದ ತಜ್ಞರು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿ ಕಸ್ಕ್ಯೂಟ ಇತ್ತೇ?’ ಇತ್ತು. ಎಲೆಯಿಲ್ಲದೆ ಕಿತ್ತಳೆ ದಾರದಂತೆ ಗಿಡಗಳನ್ನು ಸುತ್ತಿಕೊಳ್ಳುವ ಆ ಪರಾವಲಂಬಿ ಬಳ್ಳಿಯನ್ನು ನಾನೇ ಬಲೆಯಿಂದ ಬಿಡಿಸಿ ಬಿಡಿಸಿ ಎಸೆದಿದ್ದೆ. ಮರುವರ್ಷ ಹೋಗಿ ಅದರ ಕಾಂಡದಲ್ಲಿ ಉಬ್ಬಿದ್ದ ಗಂಟೊಂದನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಕಾಲಿಲ್ಲದ ಬಿಳಿ ಮರಿ ಬಾಗಿಕೊಂಡು ಮಲಗಿತ್ತು. ನನ್ನ ‘ಹೊಸ ಪ್ರಭೇದ’ 1892ರಲ್ಲೇ ಅಮೆರಿಕದ ಕೀಟತಜ್ಞ ಥಾಮಸ್ ಕೇಸಿ ಹೆಸರಿಟ್ಟಿದ್ದ, ಆ ಬಳ್ಳಿಯಲ್ಲೇ ಬೆಳೆಯುವ ಸ್ಕಲ್ಪ್ಟಿಕೋಲಿಸ್. ಅಷ್ಟರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದಿತ್ತು, ಹಸ್ತಪ್ರತಿಯಲ್ಲಿ ಉಳಿಸಿಕೊಳ್ಳುವಂಥ ಒಂದು ಪುಟವೂ ಇರಲಿಲ್ಲ.

ಆದ್ದರಿಂದ ಹೆಸರಿಡುವುದು ಹೇಗೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬಿಡಿ ಎನ್ನುತ್ತೇನೆ. ಚಿತ್ರಕ್ಕೆ ಹೋಲದಿರುವುದು ಏನನ್ನೂ ಸಾಬೀತುಪಡಿಸುವುದಿಲ್ಲ. ಈ ಗಾತ್ರದ ಮೂತಿ ಹುಳುಗಳಲ್ಲಿ ಅನೇಕವಕ್ಕೆ ಒಳ್ಳೆಯ ಚಿತ್ರವೇ ಇಲ್ಲ. ಹುರುಪೆ ಉದುರಿದರೆ ಒಂದೇ ಪ್ರಭೇದ ಬೇರೆಯದರಂತೆ ಕಾಣುತ್ತದೆ. ಎಷ್ಟೋ ಕಡೆ ಹೆಣ್ಣಿನ ಮೂತಿ ಗಂಡಿನದಕ್ಕಿಂತ ಉದ್ದ. ಕೇಸಿಯಂತಹ ಪಳಗಿದ ಕಣ್ಣಿನವರೇ ಸಣ್ಣ ಸಣ್ಣ ವ್ಯತ್ಯಾಸ ನೋಡಿ ಇಟ್ಟ ಹೆಸರುಗಳಲ್ಲಿ ಬಹಳಷ್ಟನ್ನು ಮುಂದೆ ಕೈಬಿಡಬೇಕಾಯಿತು. ಗಂಡು ಹುಳುವಿನ ಹೊಟ್ಟೆಯನ್ನು ಕ್ಷಾರದಲ್ಲಿ ನೆನೆಸಿ, ಜನನಾಂಗವನ್ನು ಬಿಡಿಸಿ, ಹಳೆಯ ಮೂಲ ಮಾದರಿಗಳೊಂದಿಗೆ (ಮೊದಲು ಹೆಸರಿಟ್ಟಾಗ ಆಧಾರವಾಗಿದ್ದ ಹುಳುಗಳೊಂದಿಗೆ) ಹೋಲಿಸದೆ ಹೊಸದೆಂದು ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಆ ಮಾದರಿಗಳನ್ನು ನೋಡಲು ಲೆಕಾಂಟ್ ಸಂಗ್ರಹಕ್ಕಾಗಿ ಹಾರ್ವರ್ಡ್‌ನ ವಸ್ತುಸಂಗ್ರಹಾಲಯಕ್ಕೆ, ಕೇಸಿಯ ಸಂಗ್ರಹಕ್ಕಾಗಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್‌ಗೆ ಬರೆಯಬೇಕು.

ಈಗ ಮಾಡಬೇಕಾದದ್ದು ಬೇರೆ. ಅದೇ ಜಾಗಕ್ಕೆ ಹೋಗಿ ಬಲೆಯನ್ನು ಪಕ್ಕಕ್ಕಿಡಿ. ಒಂದೊಂದು ಗಿಡವನ್ನು, ಅದಕ್ಕೆ ಸುತ್ತಿಕೊಂಡ ಬಳ್ಳಿಯನ್ನೂ, ಬೇರೆ ಬೇರೆಯಾಗಿ ಬಿಳಿ ಬಟ್ಟೆಯ ಮೇಲೆ ತಟ್ಟಿ. ಗಂಟು ಕಂಡರೆ ಕಾಂಡ ಸಮೇತ ಕತ್ತರಿಸಿ, ತಳದಲ್ಲಿ ತೇವದ ಮಣ್ಣಿರುವ ಡಬ್ಬಿಯಲ್ಲಿ ಹಾಕಿಡಿ. ಮರಿ ತಿಂದ ಗಿಡ ಯಾವುದೆಂದು ಕಣ್ಣಾರೆ ಕಂಡಿದ್ದರೆ ಮಾತ್ರ ಚೀಟಿಯಲ್ಲಿ ಅದರ ಹೆಸರು ಬರೆಯಿರಿ. ಇಲ್ಲದಿದ್ದರೆ ‘ಬಲೆ ಬೀಸಿ ಹಿಡಿದದ್ದು’ ಎಂದಷ್ಟೇ ಬರೆಯಿರಿ.