ಬದುಕಿ ಉಳಿದವರ ಕಥೆ ಹೇಳೋದರಲ್ಲಿ ಸಾಕ್ಷ್ಯಚಿತ್ರ ಹೆಚ್ಚೋ, ಸಿನಿಮಾ ಹೆಚ್ಚೋ?

ಸಾವಿನ ದವಡೆಯಿಂದ ಪಾರಾದವರ ಬಗ್ಗೆ ತಿಳಿಯಬೇಕಂದ್ರೆ ಸಾಕ್ಷ್ಯಚಿತ್ರ ನಂಬಬೇಕೋ, ಅದೇ ಘಟನೆ ಮೇಲೆ ತೆಗೆದ ಸಿನಿಮಾ ನಂಬಬೇಕೋ ಅಂತ ಕೇಳಿದ್ದೀರಿ. ಸಿನಿಮಾದ ಬಗ್ಗೆ ನಾನು ಓದಿಕೊಂಡವನಲ್ಲ. ರಾಯಚೂರು ಜಿಲ್ಲೆಯ ತುಂಗಭದ್ರೆ ದಂಡೆಯ ಊರಿನವನು. ನಮ್ಮ ಸೋದರಮಾವ 2009ರ ಅಕ್ಟೋಬರ್ ನೆರೆಯಲ್ಲಿ ಒಂದಿಡೀ ರಾತ್ರಿ ಬೇವಿನ ಮರದ ಮೇಲೆ ಕಳೆದವನು. ಉತ್ತರ ಬರೆಯಲು ನನಗಿರುವ ಅರ್ಹತೆ ಅಷ್ಟೇ.

ನೀರು ಇಳಿದ ಮೂರನೇ ದಿನ ಮಾವ ಹೇಳಿದ ಕಥೆಯ ತುಂಬ ಇದ್ದದ್ದು ಕೆಂಪಿರುವೆ. ಊರಿನ ಇರುವೆಯೆಲ್ಲ ಅದೇ ಮರ ಹತ್ತಿದ್ದವಂತೆ. ಜೋಮು ಹಿಡಿದ ಕಾಲು, ತೊಯ್ದು ಹೋದ ಬೀಡಿ ಕಟ್ಟು, ಚಳಿ. "ಅಂಜಿಕಿ ಒಂದ್ ತಾಸು ಇತ್ತು ನೋಡಪಾ, ಆಮ್ಯಾಲ ಬ್ಯಾಸರ ಬಂತು" ಅಂದಿದ್ದ. ಎರಡು ವರ್ಷ ಆಗೋದರೊಳಗೆ ಕಥೆಗೆ ಒಂದು ಹಾವು ಸೇರಿತು, ಪಕ್ಕದ ಟೊಂಗೆಗೆ ಸುತ್ತಿಕೊಂಡದ್ದು. ಇರುವೆಗಳು ಮೆಲ್ಲಗೆ ಮರ ಇಳಿದು ಹೋದವು. ಮಾವ ಸುಳ್ಳುಗಾರನಲ್ಲ, ಹಾವೂ ಇದ್ದಿರಬಹುದು, ನೆರೆ ಬಂದಾಗ ಹಾವು ಮರ ಹತ್ತೋದು ಹೊಸದೇನಲ್ಲ. ಆದರೆ ಇರುವೆಯ ಕಥೆಗೆ ಯಾರೂ ಬಾಯಿ ತೆರೆದು ಕೂರಲಿಲ್ಲ. ಹಾವಿನ ಕಥೆಗೆ ಹೋಟೆಲಿನವ ಚಹಾದ ರೊಕ್ಕ ಬಿಟ್ಟ.

ಹಾಗಾಗಿ ಬದುಕಿದವರೇ ಕ್ಯಾಮೆರಾ ಮುಂದೆ ಕೂತು ಹೇಳಿದರೂ ಅದು ಪೂರಾ ನಿಜ ಅಂತ ನಾನು ಒಪ್ಪಲ್ಲ. ಸಾಕ್ಷ್ಯಚಿತ್ರಗಳ ಮುತ್ತಜ್ಜ ಅನ್ನಿಸಿಕೊಂಡ, ಕೆನಡಾದ ಹಿಮನಾಡಿನ ಇನ್ಯುಯಿಟ್ ಜನರ ಬದುಕಿನ ಮೇಲೆ ತೆಗೆದ ರಾಬರ್ಟ್ ಫ್ಲಾಹರ್ಟಿಯ 'ನಾನೂಕ್ ಆಫ್ ದಿ ನಾರ್ತ್' (1922) ನೋಡಿ. ಅದರ ನಾಯಕನ ಹೆಸರೇ ನಾನೂಕ್ ಅಲ್ಲ. ಬಂದೂಕು ಬಳಸುತ್ತಿದ್ದ ಜನರ ಕೈಲಿ ಈಟಿ ಹಿಡಿಸಿ ಬೇಟೆ ಆಡಿಸಿದ್ದಾರೆ. ಒಳಗೆ ಬೆಳಕು ಸಾಲದು ಅಂತ ಹಿಮದ ಮನೆಯ ಒಂದು ಪಕ್ಕ ಬಯಲು ಬಿಟ್ಟು ಚಿತ್ರೀಕರಿಸಿದ್ದಾರೆ. ಆ ಅರ್ಧ ಮನೆಯಲ್ಲಿ ಮಲಗಿ ಏಳೋದನ್ನ ನಟಿಸುವಾಗ ಚಳಿ ಮಾತ್ರ ನಿಜದ್ದೇ ಇದ್ದಿರಬೇಕು.

ಇನ್ನು ಸಿನಿಮಾ. ಚಿಲಿ ದೇಶದ ಗಣಿಯೊಂದು 2010ರ ಆಗಸ್ಟ್ 5ರಂದು ಕುಸಿದು 33 ಜನ ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿಬಿದ್ದರು. ಇವರು ಜೀವಂತ ಇದ್ದಾರೆ ಅಂತ ಮೇಲಿನವರಿಗೆ ಗೊತ್ತಾಗೋಕೆ 17 ದಿನ ಹಿಡಿಯಿತು, ಎಲ್ಲರೂ ಹೊರಗೆ ಬರೋಕೆ 69 ದಿನ. ಆ ಮೊದಲ 17 ದಿನ ಅವರು ಎರಡು ದಿನಕ್ಕೊಮ್ಮೆ ಡಬ್ಬಿ ಮೀನನ್ನು ಚಮಚದ ಲೆಕ್ಕದಲ್ಲಿ ಹಂಚಿಕೊಂಡು ತಿಂದರು. ಇದರ ಮೇಲೆ 2015ರಲ್ಲಿ 'ದಿ 33' ಬಂತು. ಒಂದು ಸಂಜೆ ಮಾವನಿಗೆ ಮೊಬೈಲಿನಲ್ಲಿ ತೋರಿಸಿ, ಅರ್ಥ ಹೇಳುತ್ತಾ ಕೂತೆ. ಅರ್ಧ ನೋಡಿ ಕೇಳಿದ: "ಎಲ್ಲಾ ಖರೆ ಅಳಿಯಾ, ಅಷ್ಟೂ ಮಂದಿ ಚರಗಿ ತಗೊಂಡು ಎಲ್ಲಿ ಹೋಗ್ತಿದ್ರು?" ಮರದ ಮೇಲೆ ರಾತ್ರಿ ಕಳೆದವನಿಗೆ ಮಾತ್ರ ಹೊಳೆಯೋ ಪ್ರಶ್ನೆ. ಸಿನಿಮಾ ಅಂಥದ್ದರ ಗೊಡವೆಗೆ ಹೋಗೋದು ಕಡಿಮೆ. ಅದಕ್ಕೆ ಜಗಳ ಬೇಕು, ಮುಖಂಡ ಬೇಕು, ಮೇಲೆ ಅಳುತ್ತಾ ನಿಂತ ಹೆಂಡತಿ ಬೇಕು.

ಅದೇ ಸಿನಿಮಾದಲ್ಲಿ ಇನ್ನೊಂದು ದೃಶ್ಯ ಇದೆ. ತಿನ್ನೋಕೆ ಉಳಿದದ್ದು ಚೂರೇ ಚೂರು. ಆದರೆ ಅದನ್ನ ತಿನ್ನುವಾಗ ಅವರ ಕಣ್ಣಿಗೆ ದೊಡ್ಡ ಔತಣವೇ ಕಾಣುತ್ತೆ, ಮನೆಯವರು ಬಂದು ಬಡಿಸುತ್ತಾರೆ. ಎಂಥ ಬೂಟಾಟಿಕೆ ಅಂತ ನಾನು ಗೊಣಗುತ್ತಿದ್ದೆ. ಮಾವ ಸುಮ್ಮನೆ ನೋಡಿ, "ನನಗೂ ಅವತ್ತು ಬಿಸಿ ರೊಟ್ಟಿ, ಪುಂಡಿಪಲ್ಯ ಕಂಡಿತ್ತು. ನಿಮ್ಮತ್ತಿ ನೀಡಾಕತ್ತಿದ್ಳು" ಅಂದ. ಅಷ್ಟು ವರ್ಷದಲ್ಲಿ ಇದನ್ನ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ ಅನ್ನಿಸುತ್ತೆ. ಕಟ್ಟಿದ ದೃಶ್ಯವೇ ಅದನ್ನ ಹೊರಗೆ ತೆಗೆಯಿತು.

ಎರಡನ್ನೂ ಕೂಡಿಸಿ ಗೆದ್ದದ್ದು ನನ್ನ ಮಟ್ಟಿಗೆ ಕೆವಿನ್ ಮ್ಯಾಕ್‌ಡೊನಾಲ್ಡ್ ಅವರ 'ಟಚಿಂಗ್ ದಿ ವಾಯ್ಡ್' (2003). ಪೆರು ದೇಶದ ಸಿಯುಲಾ ಗ್ರಾಂಡೆ ಪರ್ವತದಲ್ಲಿ 1985ರಲ್ಲಿ ಜೋ ಸಿಂಪ್ಸನ್ ಕಾಲು ಮುರಿದುಕೊಂಡ. ಅವನನ್ನು ಇಳಿಸುತ್ತಿದ್ದ ಗೆಳೆಯ ಸೈಮನ್ ಯೇಟ್ಸ್, ಇಬ್ಬರೂ ಸಾಯೋ ಹೊತ್ತು ಬಂದಾಗ ಹಗ್ಗ ಕೊಯ್ದ. ಜೋ ಹಿಮದ ಬಿರುಕಿಗೆ ಬಿದ್ದು, ಅಲ್ಲಿಂದ ತೆವಳುತ್ತಾ ದಿನಗಟ್ಟಲೆ ಬಂದು ಡೇರೆ ಮುಟ್ಟಿದ. ಇಬ್ಬರೂ ಎದುರಿಗೇ ಕೂತು ಹೇಳುತ್ತಾರೆ, ನಟರು ಬೇರೆ ಅದನ್ನ ಮಾಡಿ ತೋರಿಸುತ್ತಾರೆ. ಬದುಕಿದ್ದಾನೆ ಅಂತ ಕಣ್ಣಾರೆ ಕಂಡರೂ ನಮ್ಮ ಎದೆ ಹೊಡ್ಕೊಳ್ಳೋದು ನಿಲ್ಲಲ್ಲ. ಸಾಯೋ ಸ್ಥಿತಿಯಲ್ಲಿ ತೆವಳುವಾಗ ತನಗೆ ಇಷ್ಟವೇ ಇಲ್ಲದ ಬೋನಿ ಎಂ ತಂಡದ ಒಂದು ಹಾಡು ತಲೆಯೊಳಗೆ ಸುತ್ತುತ್ತಲೇ ಇತ್ತು ಅಂತ ಜೋ ಹೇಳುತ್ತಾನೆ. ಅದು ಅವನ ಕೆಂಪಿರುವೆ. ಅದನ್ನ ಅವನು ಮರ ಇಳಿಯೋಕೆ ಬಿಟ್ಟಿಲ್ಲ. ಶುರು ಮಾಡೋದಾದರೆ ಇದರಿಂದಲೇ ಮಾಡಿ.

ಒಂದು ತಕರಾರು ಮಾತ್ರ ಎರಡರ ಮೇಲೂ ಇದೆ. ಇವಕ್ಕೆ ಎಣಿಸಿ ಮುಗಿಯೋ ದಿನಗಳೇ ಬೇಕು. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯಿಂದ ಗುಳೆ ಹೋಗಿ, ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಮಕ್ಕಳನ್ನ ಮಲಗಿಸಿ, ಹಬ್ಬಕ್ಕೆ ಬಂದು ಮತ್ತೆ ಬಸ್ ಹತ್ತೋರು ಬದುಕಿ ಉಳಿಯೋದನ್ನ ಎಷ್ಟನೇ ದಿನಕ್ಕೆ ಮುಗಿಸಿ ತೋರಿಸ್ತಾರೆ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮಾವನ ಕಥೆ ರೆಕಾರ್ಡ್ ಮಾಡೋಣ ಅಂತ ಮೊಬೈಲ್ ಮುಂದಿಟ್ಟೆ. ಗಂಟಲು ಸರಿ ಮಾಡಿಕೊಂಡು, "ಅಳಿಯಾ, ಹಾವು ಹೇಳ್ಲೋ ಬ್ಯಾಡೋ?" ಅಂದ. ಎರಡೂ ಹೇಳು ಮಾವ ಅಂದೆ. ಇರುವೆಯದು ಎರಡು ನಿಮಿಷ ಬಂದಿದೆ, ಹಾವಿನದು ಹನ್ನೊಂದು.