ಫೈಲ್ ಮೇಲೆ ನಾನು ಬರೆದ ಪದ: ಒಂದು ಆಪ್ತಸಲಹೆ ಪ್ರಕರಣ

ಇದನ್ನು ಬರೆಯೋಕೆ ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಹೆಸರು ಬೇಡ, ಟೀಚರ್ ಅಂತಲೇ ಕರೆಯುತ್ತೇನೆ.

ಧಾರವಾಡ ಕಡೆಯವರು. ಮೂವತ್ತು ದಾಟಿದ ಹೆಣ್ಣುಮಗಳು, ಎಂಟು ವರ್ಷದ ಮಗಳಿದ್ದಾಳೆ. ಇಬ್ಬರೂ ಒಪ್ಪಿ ಡೈವೋರ್ಸ್ ತಗೊಂಡು ಒಂದೂವರೆ ವರ್ಷವಾಗಿತ್ತು. ಹಳೆಯ ಗಂಡನ ಮೇಲೆ ಜಗಳವಿಲ್ಲ, ದುಡ್ಡಿನ ತಕರಾರಿಲ್ಲ, ನಿದ್ದೆ ಊಟ ಎಲ್ಲ ಸರಿಯಾಗಿದೆ. ಹಾಗಾದರೆ ಯಾಕೆ ಬಂದಿರಿ ಅಂದೆ. ಅವರು ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಫೈಲ್ ನೋಡಿದರು. ಅದರ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ಡೈವೋರ್ಸಿ, ಹೆಣ್ಣು.

"ಇದಕ್ಕ ಬಂದೇನ್ರಿ ಮೇಡಂ," ಅಂದರು.

ನನಗೆ ಮುಖ ಬಿಸಿಯಾಯಿತು. ಇಷ್ಟು ವರ್ಷದಿಂದ ಸುಮ್ನೆ ಹಾಗೇ ಬರೆಯುತ್ತಾ ಬಂದವಳು ನಾನು.

ಆಗಿದ್ದು ಇಷ್ಟು. ಮನೆಯಲ್ಲಿ ಒಂದು ಸೀಮಂತ. ಬಂದವರಿಗೆಲ್ಲ ಅವರ ವೈನಿ, ಅಂದರೆ ಅತ್ತಿಗೆ, ಪರಿಚಯ ಮಾಡಿಸುತ್ತಿದ್ದರು. "ಇವರು ನಮ್ಮ ನಾದಿನಿ, ಡೈವೋರ್ಸಿ." ಹೆಸರೂ ಇಲ್ಲ, ಟೀಚರ್ ಅನ್ನೋದೂ ಇಲ್ಲ. ರಾತ್ರಿ ಮಲಗುವಾಗ ಮಗಳು ಕೇಳಿದಳಂತೆ, "ಮಮ್ಮಿ, ಡೈವೋರ್ಸಿ ಅಂದ್ರ ಬೈಗುಳ ಏನು?" ಟೀಚರಿಗೆ ಉತ್ತರ ಹೊಳೆಯಲಿಲ್ಲ. ಇಂಗ್ಲಿಷ್ ಪಾಠ ಮಾಡುವವರು ಅವರು, ಅದೇ ಜಾಸ್ತಿ ಚುಚ್ಚಿತ್ತು.

ಮೊದಲ ದಿನ ನಾವು ಬರೀ ಆ ಪದದ ಬಗ್ಗೆ ಮಾತಾಡಿದೆವು. ನಗಬೇಡಿ, ಒಂದು ಗಂಟೆ ಹಿಡಿಯಿತು. ಪದ ಬಂದಿದ್ದು ಫ್ರೆಂಚಿನಿಂದ. ಅಲ್ಲಿ ಕೊನೆಯಲ್ಲಿ ಒಂದು 'ಇ' ಇದ್ದರೆ ಗಂಡಸು, ಎರಡಿದ್ದರೆ ಹೆಂಗಸು. ಇಂಗ್ಲಿಷಿಗೆ ಬಂದ ಮೇಲೆ ಎರಡು 'ಇ' ಇರೋ ರೂಪವೇ ಗಟ್ಟಿಯಾಗಿ ನಿಂತಿತು. ಬ್ರಿಟನ್ನಿನಲ್ಲಿ ಅದನ್ನೇ ಗಂಡು ಹೆಣ್ಣು ಇಬ್ಬರಿಗೂ ಬಳಸುತ್ತಾರೆ, ಅಮೆರಿಕದಲ್ಲಿ ಹೆಚ್ಚಾಗಿ ಹೆಂಗಸಿಗೆ. ಅಂದರೆ ಪದದಲ್ಲಿ ಬೈಗುಳ ಏನೂ ಇಲ್ಲ. ವಿಚ್ಛೇದನ ಆದ ವ್ಯಕ್ತಿ, ಅಷ್ಟೇ. ಆದರೆ ಆ ಬಾಲ ನೋಡಿ. ಕೆಲಸ ಕೊಡುವವನು ಎಂಪ್ಲಾಯರ್, ಕೆಲಸದಾಳು ಎಂಪ್ಲಾಯಿ. ಯಾರಿಗೆ ಏನೋ ಮಾಡಲಾಯಿತೋ ಅವರಿಗೆ ಆ ಬಾಲ ಅಂತ ನಮ್ಮ ಕಿವಿಗೆ ಕೇಳಿಸುತ್ತದೆ.

ಟೀಚರ್ ತಟ್ಟನೆ ಕೇಳಿದರು, "ಹಂಗಾದ್ರ ಡೈವೋರ್ಸರ್ ಯಾರ್ರಿ? ಅವರೋ, ಜಡ್ಜ್ ಸಾಹೇಬರೋ?" ಇಬ್ಬರೂ ನಕ್ಕೆವು. ಆಮೇಲೆ ಅವರೇ ಹೇಳಿದರು, ಅರ್ಜಿಗೆ ತಾನೂ ಸಹಿ ಹಾಕಿದ್ದೆ, ಯಾರೂ ತನಗೆ ಏನೂ ಮಾಡಿದ್ದಲ್ಲ ಅಂತ. ನಿಜ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಮಿನಲ್ಲಿ, ಅಂದರೆ ಒಪ್ಪಿಗೆಯ ಡೈವೋರ್ಸಿನಲ್ಲಿ, ಗಂಡ ಹೆಂಡತಿ ಇಬ್ಬರೂ ಸೇರಿಯೇ ಅರ್ಜಿ ಹಾಕಬೇಕು.

ಕನ್ನಡ ಏನು ಕಮ್ಮಿಯಿಲ್ಲ. 'ಗಂಡ ಬಿಟ್ಟವಳು' ಅನ್ನುತ್ತೇವೆ. ಗಂಡ ಬಿಟ್ಟನೋ, ಇವಳು ಗಂಡನನ್ನು ಬಿಟ್ಟಳೋ? ಆ ಮಾತಿನಲ್ಲಿ ಎರಡೂ ಅರ್ಥ ಇದೆ, ಕೇಳುವವರು ತಮಗೆ ರುಚಿಸಿದ್ದನ್ನು ಆರಿಸಿಕೊಳ್ಳುತ್ತಾರೆ. ಇಬ್ಬರೂ ಮಾತಾಡಿ ಬೇರೆಯಾದರು ಅನ್ನೋ ಮೂರನೇ ಅರ್ಥಕ್ಕೆ ಮಾತ್ರ ಜಾಗವೇ ಇಲ್ಲ. 'ವಿಚ್ಛೇದಿತೆ' ಪೇಪರಿನಲ್ಲಿ ಓದೋಕೆ ಸರಿ, ಮನೆಯಲ್ಲಿ ಯಾರು ಹಾಗೆ ಮಾತಾಡುತ್ತಾರೆ? ಟೀಚರ್ ಅವರ ಅಜ್ಜಿ 'ಸೋಡಚೀಟಿ' ಅನ್ನುತ್ತಿದ್ದರಂತೆ. ಮರಾಠಿಯಿಂದ ಬಂದ ಮಾತು, ಬಿಡುಗಡೆಯ ಚೀಟಿ. ಕೆಲವು ಜಾತಿಗಳಲ್ಲಿ ಅದಾದ ಮೇಲೆ 'ಉಡಿಕಿ' ಅಂತ ಮರುಮದುವೆಯೂ ಆಗುತ್ತಿತ್ತು. ನಾನು ಮೈಸೂರು ಕಡೆಯವಳು, ಈ ಮಾತು ಕಲಿತಿದ್ದು ಇಂಥವರ ಬಾಯಿಂದಲೇ. ಅಲ್ಲಿ ನೋಡಿ, ಚೀಟಿಗೆ ಹೆಸರಿದೆ, ಶಾಸ್ತ್ರಕ್ಕೆ ಹೆಸರಿದೆ. ಹೆಣ್ಣಿಗೆ ಅಂಟಿಸಿದ ಹೆಸರಲ್ಲ ಅವು.

ಇನ್ನು ಸಲಹೆ. ಫಾರ್ಮ್ ಬೇರೆ, ಬಾಯಿ ಬೇರೆ ಅಂದೆ. ಫಾರ್ಮಿನಲ್ಲಿ ಕೇಳಿದರೆ 'ಡೈವೋರ್ಸ್ಡ್' ಅಂತ ಗುರುತು ಹಾಕಿ, ನಾಚಿಕೆ ಬೇಡ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಡೈವೋರ್ಸ್ ಆದವರು ಹಳೆಯ ಸಂಗಾತಿಯ ಹೆಸರು ಬರೆಯಬೇಕಿಲ್ಲ ಅಂತ 2016ರ ಕೊನೆಯಲ್ಲೇ ನಿಯಮ ಸಡಿಲವಾಗಿದೆ. ಮುಂದೆ ಮದುವೆ ಜಾಲತಾಣಕ್ಕೆ ಹೋದರೆ 'ಮದುವೆಯಾಗಿಲ್ಲ' ಅಂತ ಮಾತ್ರ ಹಾಕಬೇಡಿ. ಯಾರೋ ಗೆಳತಿ ಅವರಿಗೆ ಹಾಗೆ ಹೇಳಿಕೊಟ್ಟಿದ್ದರು. ಮೊದಲ ಮದುವೆ ಮುಚ್ಚಿಟ್ಟರೆ ಅದು ವಂಚನೆ ಅಂತ ಹೇಳಿ ಹೊಸ ಮದುವೆ ರದ್ದು ಮಾಡಿಸೋಕೆ ಕೋರ್ಟಿಗೆ ಹೋಗಬಹುದು. ಹಾಗೇ, ಕೋರ್ಟಿಗೆ ಅರ್ಜಿ ಹಾಕಿದವರು ತೀರ್ಪು ಬರೋ ತನಕ ಡೈವೋರ್ಸ್ಡ್ ಅಲ್ಲ. ಬೇರೆ ಮನೆ ಮಾಡಿಕೊಂಡು ಹತ್ತು ವರ್ಷವಾದರೂ ಕಾನೂನಿನ ಲೆಕ್ಕದಲ್ಲಿ ಮದುವೆ ಉಳಿದೇ ಇರುತ್ತದೆ.

ಬಾಯಲ್ಲಿ ಹೇಳುವಾಗ ಮಾತ್ರ ಅದನ್ನು ಹೆಸರಿನ ಹಾಗೆ ಅಂಟಿಸಿಕೊಳ್ಳಬೇಡಿ. 'ನಾನು ಡೈವೋರ್ಸಿ' ಅನ್ನೋದಕ್ಕಿಂತ 'ನನಗೆ ಡೈವೋರ್ಸ್ ಆಗಿದೆ' ಅನ್ನಿ. ಜ್ವರ ಬಂದಿತ್ತು, ವರ್ಗ ಆಯಿತು ಅನ್ನೋ ಹಾಗೆ, ಆದ ಒಂದು ಸಂಗತಿ ಅದು. ಅದೂ ಕೇಳಿದರೆ ಮಾತ್ರ. ಸೀಮಂತಕ್ಕೆ ಬಂದವರಿಗೆ ಅದರ ಅಗತ್ಯ ಏನಿದೆ?

ಮಗಳಿಗೆ ಏನು ಹೇಳೋದು ಅಂತ ಇಬ್ಬರೂ ಸೇರಿ ಕೂತು ಬರೆದೆವು, ಮೂರು ಸಲ ಹೊಡೆದು ಹಾಕಿದೆವು. ಕೊನೆಗೆ ಉಳಿದಿದ್ದು: "ಅದು ಬೈಗುಳ ಅಲ್ಲ. ನಾನು, ಪಪ್ಪಾ ಈಗ ಗಂಡ ಹೆಂಡತಿ ಅಲ್ಲ. ನಿನಗೆ ಮಾತ್ರ ಯಾವಾಗಲೂ ಮಮ್ಮಿ, ಪಪ್ಪಾನೇ." ಮಗು ಕೇಳಿ, ಹೂಂ ಅಂದು, ಟಿವಿ ಹಾಕಿತಂತೆ.

ವೈನಿ ವಿಷಯ ಇಷ್ಟು ಸಲೀಸಾಗಿ ಮುಗಿಯಲಿಲ್ಲ. ನಾಲ್ಕು ಜನರ ಮುಂದೆ ಬೇಡ, ಒಬ್ಬರೇ ಇರುವಾಗ ಹೇಳಿ, ಮೊದಲು ಪ್ರೀತಿಯ ಮಾತಾಡಿ ಆಮೇಲೆ ವಿಷಯಕ್ಕೆ ಬನ್ನಿ ಅಂದಿದ್ದೆ. ಟೀಚರ್ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಹೇಳಿದರಂತೆ, "ವೈನಿ, ಇನ್ನ ಮ್ಯಾಲೆ ನನ್ನ ಟೀಚರ್ ಅಂತ ಪರಿಚಯ ಮಾಡಿಸ್ರಿ." ವೈನಿ, "ಇದ್ದದ್ದ ಹೇಳಿದ್ರ ಸಿಟ್ಯಾಕ?" ಅಂದು ಹದಿನೈದು ದಿನ ಮಾತು ಬಿಟ್ಟರು. ನನ್ನ ಸಲಹೆ ಅಲ್ಲಿ ಪೂರ್ತಿ ಕೆಲಸ ಮಾಡಲಿಲ್ಲ ಅಂತಲೇ ಹೇಳಬೇಕು. ಈಗ ಮಾತಾಡುತ್ತಾರಂತೆ. ಪರಿಚಯ ಮಾಡಿಸುವಾಗ ಬರೀ ನಾದಿನಿ ಅಂತ ಹೇಳಿ ಸುಮ್ಮನಾಗುತ್ತಾರೆ.

ನಾಲ್ಕನೇ ಸಲ ಬಂದಾಗ ಟೀಚರ್ ಮೊದಲು ನೋಡಿದ್ದು ಫೈಲನ್ನೇ. ಹಳೆಯ ಪದ ಹೊಡೆದು ಹಾಕಿ ಬರೀ ನಂಬರ್ ಬರೆದಿದ್ದೆ. "ಕಾಟು ಹೊಡೆದದ್ದು ಇನ್ನೂ ಕಾಣಸ್ತದ್ರಿ ಮೇಡಂ," ಅಂದರು. ಹೊಸ ಕವರ್ ಹಾಕಿಸಿದೆ.