ಪೋಸ್ಟಲ್ ಆರ್ಡರ್ ಬೇರೆ, ಮನಿಯಾರ್ಡರ್ ಬೇರೆ

ಇಂಗ್ಲೆಂಡಿನ ಗಂಡುಹುಡುಗರ ವಸತಿಶಾಲೆಯ ಎರಡು ಹಾಸ್ಯಕಥನಗಳನ್ನು, ಅಂದರೆ ಬಿಲ್ಲಿ ಬಂಟರ್‌ನ ಒಂದು ಪ್ರಸಂಗ ಮತ್ತು ಮೋಲ್ಸ್‌ವರ್ತ್‌ನ ಕೆಲವು ಪುಟಗಳನ್ನು, ಕನ್ನಡಕ್ಕೆ ತಂದಿದ್ದೀರಿ. ಮನೆಯವರಿಗೆ ಓದಿ ಹೇಳಿದರೆ ಯಾರೂ ನಗಲಿಲ್ಲ, ಎಲ್ಲಿ ಎಡವಿದೆ ಎಂದು ಕೇಳಿದ್ದೀರಿ. ನಿಮ್ಮ ಕನ್ನಡ ಚೆನ್ನಾಗಿದೆ. ಆದರೆ ಮಾತು ಬಂದಿದೆ, ಆ ಶಾಲೆಯ ವ್ಯವಹಾರ ಬಂದಿಲ್ಲ.

ಬಂಟರ್‌ನಿಂದ ಶುರುಮಾಡೋಣ. ಚಾರ್ಲ್ಸ್ ಹ್ಯಾಮಿಲ್ಟನ್ 1908ರಿಂದ 1940ರವರೆಗೆ ‘ಮ್ಯಾಗ್ನೆಟ್’ ವಾರಪತ್ರಿಕೆಯಲ್ಲಿ ಫ್ರಾಂಕ್ ರಿಚರ್ಡ್ಸ್ ಎಂಬ ಹೆಸರಿನಿಂದ ಬರೆದ ಈ ಕಥೆಗಳಲ್ಲಿ ಬಂಟರ್ ಸದಾ ಕಾಯುವುದು, ಇನ್ನೇನು ಬರುತ್ತದೆಂದು ಹೇಳಿ ಸಾಲ ಕೇಳುವುದು, ಪೋಸ್ಟಲ್ ಆರ್ಡರಿಗೆ. ನೀವು ಅದನ್ನು ಮನಿಯಾರ್ಡರ್ ಮಾಡಿದ್ದೀರಿ. ಮನಿಯಾರ್ಡರ್ ಆದರೆ ಅಂಚೆಯಣ್ಣ ಬಂದು ಸಹಿ ಹಾಕಿಸಿಕೊಂಡು ದುಡ್ಡು ಎಣಿಸಿ ಕೊಡುತ್ತಾನೆ; ಬಂತೋ ಇಲ್ಲವೋ ಎಲ್ಲರಿಗೂ ಕಾಣುತ್ತದೆ. ಪೋಸ್ಟಲ್ ಆರ್ಡರನ್ನು ಕಳಿಸುವವರು ಅಂಚೆ ಕಚೇರಿಯಲ್ಲಿ ಕೊಂಡು ಲಕೋಟೆಯೊಳಗೆ ಇಡುತ್ತಾರೆ. ಲಕೋಟೆ ಒಡೆಯುವವರೆಗೆ ಸುಳ್ಳಿಗೆ ಆಯುಷ್ಯವಿದೆ, ಅಷ್ಟರೊಳಗೆ ಸಾಲ ಎತ್ತಬಹುದು. ಅರ್ಜಿಯ ಜೊತೆ ಪೋಸ್ಟಲ್ ಆರ್ಡರ್ ಲಗತ್ತಿಸಿದ ಓದುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಆ ಪದವನ್ನೇ ಇಡಿ. ಬಂಟರ್ ಕೇಳುವ ಅರ್ಧ ಕ್ರೌನನ್ನೂ ರೂಪಾಯಿ ಮಾಡಬೇಡಿ. ಅದು ಎರಡು ಶಿಲಿಂಗ್ ಆರು ಪೆನ್ಸ್ ಎಂದು ಒಮ್ಮೆ ಹೇಳಿದರೆ ಸಾಕು.

ಶಿಕ್ಷೆಯಾಗಿ ಬರೆಸುವ ‘ಲೈನ್ಸ್’ಗೆ ನೀವು ಹಾಕಿದ ‘ಸಾಲುಗಳು’ ಏನನ್ನೂ ಹೇಳುವುದಿಲ್ಲ. ನಮ್ಮ ಶಾಲೆಗಳ ‘ಇಂಪೊಸಿಷನ್’ ಅದೇ ಮನೆತನದ ಪದ. ಆದರೆ ಅಲ್ಲಿ ಒಂದೇ ವಾಕ್ಯವನ್ನು ನೂರು ಸಲ ಬರೆಯುವುದಕ್ಕಿಂತ ಲ್ಯಾಟಿನ್ ಕವಿ ವರ್ಜಿಲ್‌ನ ನೂರು ಸಾಲು ನಕಲು ಮಾಡಿಸುವುದು ಹೆಚ್ಚು. ‘ರಿಮೂವ್’ ಎಂಬುದು ತರಗತಿಯ ಹೆಸರು, ‘ತೆಗೆದುಹಾಕಿದವರ ಗುಂಪು’ ಅಲ್ಲ. ತರಗತಿ ಎಂಬರ್ಥದ ‘ಫಾರಂ’ ಹಾಗೇ ಇರಲಿ; ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳ ಹಿರಿಯರಿಗೆ ಅದು ಗೊತ್ತು.

ಮೋಲ್ಸ್‌ವರ್ತ್ ನಿಜವಾಗಿ ಕಷ್ಟ. ಜೆಫ್ರಿ ವಿಲನ್ಸ್ 1953ರ ಪುಸ್ತಕದಲ್ಲಿ ಈ ಹುಡುಗನ ಕೈಯಿಂದ ಕಾಗುಣಿತ ತಪ್ಪಿಸುತ್ತಾರೆ. ‘ಸ್ಕೂಲ್’ ಪದದಲ್ಲಿ ಸಿ, ಎಚ್ ಹೋಗಿ ಕೆ ಬಂದರೂ ಉಚ್ಚಾರ ಬದಲಾಗುವುದಿಲ್ಲ, ತಪ್ಪು ಕಣ್ಣಿಗೆ ಮಾತ್ರ. ನೀವು ‘ಹಾಲು’ ಎಂಬುದನ್ನು ‘ಆಲು’, ‘ಶಾಲೆ’ಯನ್ನು ‘ಸಾಲೆ’ ಮಾಡಿದ್ದೀರಿ. ಅಲ್ಲಿ ಉಚ್ಚಾರವೇ ಬದಲಾಗಿ, ಓದಿದವರಿಗೆ ಹಳ್ಳಿಯವರ ಮಾತನ್ನು ಆಡಿಕೊಂಡಂತೆ ಕೇಳುತ್ತದೆ. ಇವನೋ ಫೀಸು ಕಟ್ಟಿ ಓದುವ ಮನೆಯ ಹುಡುಗ. ಕಿವಿಗೆ ಹೆಚ್ಚುಕಡಿಮೆ ಒಂದೇ ಆಗಿ ಕಣ್ಣಿಗೆ ಬೇರೆಯಾಗುವ ಜೋಡಿಗಳನ್ನು ಹುಡುಕಿ: ಷ–ಶ, ಋ–ರು, ಐ–ಅಯ್, ಔ–ಅವ್. ‘ಲ್ಯಾಟಿನ್ನಿನಶ್ಟು ಕಶ್ಟ ಸ್ರುಷ್ಟಿಯಲ್ಲೇ ಇಲ್ಲ’ ಎಂದು ಅವನು ಬರೆಯಲಿ. ಎರಡು ಕಡೆ ತಪ್ಪಿದ ಷಕಾರ ಮೂರನೆಯ ಕಡೆ ಸರಿಯಾಗಿರುವುದನ್ನು ಗಮನಿಸಿ. ಎಲ್ಲ ಕಡೆ ಒಂದೇ ಕ್ರಮದಲ್ಲಿ ಷಕಾರ ಬಿಟ್ಟರೆ ಷಕಾರವನ್ನೇ ಕೈಬಿಡುವ, ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ‘ಎಲ್ಲರ ಕನ್ನಡ’ದ ಬರವಣಿಗೆ ಎಂದುಕೊಳ್ಳುತ್ತಾರೆ, ತಪ್ಪು ಎಂದು ಯಾರಿಗೂ ಅನಿಸದು. ಅಲ್ಪವಿರಾಮಗಳನ್ನೂ ಧಾರಾಳವಾಗಿ ಕಿತ್ತುಹಾಕಿ.

ಬಂಟರ್‌ನ ತರಗತಿಯಲ್ಲಿರುವ ಭಾನಿಪುರದ ನವಾಬ, ಹರಿ ಜಮ್ಸೆತ್ ರಾಮ್ ಸಿಂಗ್‌ನ ಮಾತಿನಲ್ಲಿ ಮಾತ್ರ ಎಚ್ಚರ ಬೇಕು. ಸಿಕ್ಕ ಪದಕ್ಕೆಲ್ಲ ‘ಫುಲ್‌ನೆಸ್’ ಅಂಟಿಸುವ ಅವನ ಇಂಗ್ಲಿಷನ್ನು ನೀವು ತೊದಲು ಕನ್ನಡ ಮಾಡಿದ್ದೀರಿ. ಅವನದು ಅತಿಯಾಗಿ ಕಲಿತ ಭಾಷೆ. ‘ಈ ಮಾನ್ಯ ಮಳೆಯ ಒದ್ದೆತ್ವವು ಭಯಂಕರವಾಗಿದೆ’ ಎನ್ನಿಸಿ ನೋಡಿ. ಆಗ ಅವನು ಜಾಣನಾಗಿಯೇ ಉಳಿಯುತ್ತಾನೆ, ಕಥೆಗಳಲ್ಲಿ ಅವನು ಜಾಣನೇ.

ಮೋಲ್ಸ್‌ವರ್ತ್‌ಗೆ ರೊನಾಲ್ಡ್ ಸರ್ಲ್ ಬರೆದ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ್ದೀರಿ. ಅವರು ತೀರಿಕೊಂಡದ್ದು 2011ರಲ್ಲಿ, ಚಿತ್ರಗಳಿಗೆ ಇನ್ನೂ ಹಕ್ಕುಸ್ವಾಮ್ಯವಿದೆ. ಅನುಮತಿಯಿಲ್ಲದೆ ಅಚ್ಚು ಹಾಕಲಾಗದು. ಮೋಲ್ಸ್‌ವರ್ತ್ ಪುಟಗಳನ್ನು ಮೊದಲು ತಿದ್ದಿ ಕಳಿಸಿ.